ಕಾಯದ ವಿದ್ಯುತ್ ಓವನ್: ಬದಲಿಸುವ ಮುನ್ನ ಅಳೆದು ನೋಡಿ

ವಾಡಿ ಜಂಕ್ಷನ್ ಬಿಟ್ಟು ಯಾದಗಿರಿಯ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ನಾಲವಾರ ಸಿಗುತ್ತದೆ. ಚಿತ್ತಾಪುರ ತಾಲ್ಲೂಕಿನ ಈ ಊರನ್ನು ನಮ್ಮ ಭಾಗದ ಜನ ಹೆಚ್ಚಾಗಿ ಬಲ್ಲದ್ದು ಕೋರಿಸಿದ್ಧೇಶ್ವರ ಮಠದಿಂದ ಮತ್ತು ಅಲ್ಲಿನ ಜಾತ್ರೆಯ ತನಾರತಿಯಿಂದ. ಜಾತ್ರೆಯ ದಿನಗಳಲ್ಲಿ ಅಲ್ಲಿನ ಸಣ್ಣ ವ್ಯಾಪಾರಿಗಳು ಇಡೀ ವರ್ಷದ ನಷ್ಟವನ್ನು ತುಂಬಿಕೊಳ್ಳುವ ಆಸೆ ಇಟ್ಟುಕೊಂಡಿರುತ್ತಾರೆ. ಅಂಥ ವ್ಯಾಪಾರಿಗಳಲ್ಲಿ ಒಬ್ಬರು ನನ್ನ ಕಕ್ಷಿದಾರರು. ಯೌವನದಲ್ಲಿ ಶಹಾಬಾದದ ಕಲ್ಲು ಪಾಲಿಶ್ ಘಟಕವೊಂದರಲ್ಲಿ ದುಡಿದು, ಕೂಡಿಟ್ಟ ಹಣದಲ್ಲಿ ಊರಿನಲ್ಲಿ ಬೇಕರಿ ತೆರೆದವರು. ಬ್ರೆಡ್, ಬನ್, ಖಾರಿ, ಟೋಸ್ಟ್ ಅವರ ಮುಖ್ಯ ಸರಕು, ಮೂವರು ಕೆಲಸಗಾರರು, ಒಂದು ವಿದ್ಯುತ್ ಓವನ್.

ಜಾತ್ರೆಗೆ ಹನ್ನೆರಡು ದಿನ ಇರುವಾಗ ಅವರಿಂದ ದೂರವಾಣಿ ಬಂತು. "ಸಾಹೇಬ್ರ, ಭಟ್ಟಿ ಪೂರಾ ತಣ್ಣಗ ಆಗ್ಯಾದ್ರಿ. ಮೂರು ಕಾಯಿಲ್ ಹೊಸಾವು ಹಾಕಿಸಿದ್ರೂ ಕಾಯವಲ್ದು. ಹೊಸಾ ಭಟ್ಟಿನೇ ತಗೋತೀನ್ರಿ, ಲೋನಿನ ಕಾಗದ ಲಗೂನ ಮಾಡಿಕೊಡ್ರಿ." ಸಾಲ ಕೈಗೆ ಬರುವ ತನಕ ಇಬ್ಬರು ಹುಡುಗರನ್ನು ಮನೆಗೆ ಕಳುಹಿಸುವುದಾಗಿಯೂ ತಿಳಿಸಿದರು.

ಅದೇ ಸಂಜೆ ನಾನು ಯೋಜನಾ ವರದಿ ಸಿದ್ಧಪಡಿಸಿದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಕಿಶೋರ ವರ್ಗ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅನ್ವಯಿಸುತ್ತದೆ; ನಮ್ಮ ಬೇಡಿಕೆ 3 ಲಕ್ಷ. ಶೇ. 12ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಗೆ ತಿಂಗಳಿಗೆ 6,600 ರೂಪಾಯಿಗೂ ಮಿಕ್ಕಿದ ಕಂತು. ಮಾರಾಟದ ಅಂದಾಜು, ಲಾಭದ ಅಂದಾಜು, ಕಂತು ತೀರಿಸುವ ಸಾಮರ್ಥ್ಯ, ಎಲ್ಲವನ್ನೂ ಕ್ರಮವಾಗಿ ಬರೆದೆ. ಹಳೆಯ ಓವನ್ ಏಕೆ ಕಾಯುತ್ತಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಮೂವತ್ತು ವರ್ಷ ಇತರರ ಲೆಕ್ಕ ಪರಿಶೋಧಿಸಿದವನು ಈ ತಪ್ಪು ಮಾಡಿದ್ದು ನಾಚಿಕೆಯ ವಿಷಯವಾದರೂ, ಸಹೋದ್ಯಮಿಗಳಿಗೆ ಉಪಯೋಗವಾದೀತೆಂದು ನಡೆದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಕಾಗದಗಳಿಗೆ ಸಹಿ ಪಡೆಯಲು ಹೊರಟ ದಿನ ವಾಡಿಯಲ್ಲಿ ಇನ್ನೊಬ್ಬ ಕಕ್ಷಿದಾರರು ನನ್ನ ಕಾರು ಹತ್ತಿದರು. ಸಿಮೆಂಟ್ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು; ಮಠದ ದರ್ಶನಕ್ಕೆ ಹೊರಟಿದ್ದರು. ದಾರಿಯಲ್ಲಿ ಓವನ್ನಿನ ಕಥೆ ಕೇಳಿ ಅವರು ಆಡಿದ್ದು ಒಂದೇ ಮಾತು: "ಯಾರರ ಅಳದು ನೋಡ್ಯಾರೇನ್ರಿ?" ಏನನ್ನು ಅಳೆಯಬೇಕಿತ್ತೆಂದು ಕೇಳಿದೆ. "ಕರೆಂಟ್ ರೀ. ಹಾದಿ ತುಂಬ ಎಲ್ಲಿ ತನಕ ಬಂದದ, ಎಲ್ಲಿ ನಿಂತದ ಅಂತ." ಯಾರೂ ಅಳೆದಿರಲಿಲ್ಲ.

ಓವನ್ ಕಾಯುವ ಬಗೆ

ಮುಂದಿನ ವಿಷಯ ತಿಳಿಯಲು ಓವನ್ ಹೇಗೆ ಕಾಯುತ್ತದೆಂಬುದರ ಸ್ಥೂಲ ಪರಿಚಯ ಅಗತ್ಯ. ಕಾಯಿಲ್ ಅಥವಾ ಎಲಿಮೆಂಟ್ ಎಂದು ನಾವು ಕರೆಯುವ ಕೊಳವೆಯ ಒಳಗೆ ನೈಕ್ರೋಮ್ ಎಂಬ ನಿಕಲ್-ಕ್ರೋಮಿಯಂ ಮಿಶ್ರಲೋಹದ ತಂತಿಯ ಸುರುಳಿ ಇರುತ್ತದೆ. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವರು 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗನೆ ಸುಟ್ಟುಹೋಗದ ತಂತಿ ಅಲ್ಲಿಯವರೆಗೆ ಅಗ್ಗವಾಗಿ ಸಿಕ್ಕಿರಲಿಲ್ಲ. ಇಂದಿನ ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಓವನ್‌ಗಳಿಗೆಲ್ಲ ಅದೇ ಮೂಲ. ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ.

ಎಲಿಮೆಂಟಿಗೆ ವಿದ್ಯುತ್ ತಲುಪುವ ಮುನ್ನ ಹಾದುಬರುವ ಠಾಣೆಗಳು ಹಲವು: ಮೀಟರ್, ಮುಖ್ಯ ಸ್ವಿಚ್, ಎಂಸಿಬಿ, ಓವನ್ನಿನ ಹಿಂಬದಿಯ ಕಾಂಟ್ಯಾಕ್ಟರ್, ಅಲ್ಲಿಂದ ಶಾಖ ತಡೆಯುವ ತಂತಿಗಳು. ಕಾಂಟ್ಯಾಕ್ಟರ್ ಎಂದರೆ ವಿದ್ಯುತ್ತಿನಿಂದಲೇ ಎಳೆಯಲ್ಪಡುವ ದೊಡ್ಡ ಸ್ವಿಚ್. ಥರ್ಮೋಸ್ಟಾಟ್ ಅಥವಾ ತಾಪ ನಿಯಂತ್ರಕ 'ಇನ್ನೂ ಶಾಖ ಬೇಕು' ಎಂದಾಗ ಅದು 'ಟಕ್' ಎಂದು ಸದ್ದು ಮಾಡಿ ಕೂಡಿಕೊಳ್ಳುತ್ತದೆ, ಸಾಕೆಂದಾಗ ಬಿಡುತ್ತದೆ. ಇವುಗಳಲ್ಲದೆ, ತಾಪ ಮಿತಿ ಮೀರಿದರೆ ಎಲ್ಲವನ್ನೂ ನಿಲ್ಲಿಸುವ ಸುರಕ್ಷಾ ಕಟ್‌ಔಟ್ ಬಹಳಷ್ಟು ಓವನ್‌ಗಳಲ್ಲಿ ಇರುತ್ತದೆ. ಅದು ಒಮ್ಮೆ ಬಿದ್ದರೆ ಗುಂಡಿ ಒತ್ತಿ ಮರಳಿ ಕೂರಿಸುವ ತನಕ ಓವನ್ ಕಾಯುವುದಿಲ್ಲ. ಟೈಮರ್ ಸೊನ್ನೆಯಲ್ಲಿದ್ದರೆ ಕೆಲವು ಮಾದರಿಗಳು ಕಾಯುವುದೇ ಇಲ್ಲ. ಈ ಎರಡು ಕಾರಣಗಳಿಗಾಗಿ ಪಟ್ಟಣದಿಂದ ಮೆಕ್ಯಾನಿಕ್‌ನನ್ನು ಕರೆಸಿ, ಬಂದುಹೋದ ಖರ್ಚು ಕೊಟ್ಟವರನ್ನು ನಾನು ಬಲ್ಲೆ.

ದೋಷ ಹುಡುಕುವ ಕ್ರಮವೆಂದರೆ ಈ ಹಾದಿಯಲ್ಲಿ ಮೊದಲಿನಿಂದ ನಡೆಯುವುದು. ನಮ್ಮ ವೃತ್ತಿಯಲ್ಲಿ ವೋಚರಿನಿಂದ ರೋಜುಕೀರ್ದಿಗೆ, ರೋಜುಕೀರ್ದಿಯಿಂದ ಖಾತೆಗೆ ಒಂದು ಮೊತ್ತವನ್ನು ಹಿಂಬಾಲಿಸುತ್ತೇವೆ. ಯಾವ ಹಂತದಲ್ಲಿ ಮೊತ್ತ ತಪ್ಪಿತೋ ಅಲ್ಲಿ ತಪ್ಪಿದೆ. ಕೊನೆಯ ತಾಳೆಪಟ್ಟಿ ಹೊಂದಲಿಲ್ಲವೆಂದು ಯಾರೂ ಕೊನೆಯ ಪುಟವನ್ನೇ ಹರಿದು ಹೊಸದಾಗಿ ಬರೆಯುವುದಿಲ್ಲ. ಓವನ್ ವಿಷಯದಲ್ಲಿ ಮಾತ್ರ ಎಲ್ಲರೂ ಕೊನೆಯ ಪುಟದಿಂದಲೇ, ಅಂದರೆ ಎಲಿಮೆಂಟಿನಿಂದಲೇ ಆರಂಭಿಸುತ್ತಾರೆ.

ನಾಲವಾರದಲ್ಲಿ ಕಂಡದ್ದು

ಆ ಓವನ್ 9 ಕಿಲೋವಾಟ್ ಸಾಮರ್ಥ್ಯದ ಮೂರು ಫೇಸಿನ ಯಂತ್ರ. ಫೇಸೊಂದಕ್ಕೆ 1 ಕಿಲೋವಾಟಿನ ಮೂರು ಎಲಿಮೆಂಟ್‌ಗಳು. ತಳದ ಮೂರೂ ಕೆಂಪು ಫೇಸಿನ ಮೇಲಿದ್ದವು. ಸುಮಾರು ನಾಲ್ಕು ತಿಂಗಳಿನಿಂದ ಬ್ರೆಡ್ಡಿನ ಮೇಲ್ಭಾಗ ಕೆಂಪಾಗಿ ತಳ ಬಿಳಿಚಿಕೊಳ್ಳುತ್ತಿತ್ತು, ಓವನ್ ಕಾಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಊರಿನ ವಾಯರ್‌ಮನ್ ಕಾಂಟ್ಯಾಕ್ಟರಿನ ಮೇಲಿನ ಮೂರು ತಿರುಪುಗಳಿಗೂ ಟೆಸ್ಟರ್ ಹಚ್ಚಿ ನೋಡಿದ. ಮೂರರಲ್ಲಿಯೂ ದೀಪ ಹೊತ್ತಿತು. ಕರೆಂಟ್ ಸರಿಯಾಗಿದೆ, ಕಾಯಿಲ್ ಸುಟ್ಟಿದೆ ಎಂಬ ತೀರ್ಮಾನವಾಯಿತು. ಮೂರು ಹೊಸ ಎಲಿಮೆಂಟ್‌ಗಳು ಬಂದವು, ಕೂಡಿದವು. ತಳ ಬಿಳಿಚುವುದು ನಿಲ್ಲಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಓವನ್ ಸಂಪೂರ್ಣ ತಣ್ಣಗಾಯಿತು.

ಟೆಸ್ಟರಿನ ಬಗ್ಗೆ ಒಂದು ಮಾತು. ಅದರ ನಿಯಾನ್ ದೀಪ ಹೊತ್ತಲು ಅತ್ಯಲ್ಪ ಪ್ರವಾಹ ಸಾಕು. ದೀಪ ಹೊತ್ತಿತೆಂದರೆ ಆ ಬಿಂದುವಿನವರೆಗೆ ವೋಲ್ಟೇಜಿನ ಸುಳಿವಿದೆ ಎಂದಷ್ಟೇ ಅರ್ಥ. 13 ಆಂಪಿಯರ್ ಹೊರುವ ಶಕ್ತಿ ಆ ಜೋಡಣೆಗಿದೆ ಎಂದಾಗಲೀ, ಆ ಬಿಂದುವಿನ ಆಚೆ ವಿದ್ಯುತ್ ದಾಟಿದೆ ಎಂದಾಗಲೀ ಅಲ್ಲ. ಬ್ಯಾಂಕಿನಲ್ಲಿ ಖಾತೆ ಇದೆಯೆಂದ ಮಾತ್ರಕ್ಕೆ ಚೆಕ್ಕು ಪಾಸಾಗುವುದಿಲ್ಲವಷ್ಟೆ.

ನಿವೃತ್ತ ಹಿರಿಯರು ಬೇಕರಿಯವರಿಂದಲೇ ಓವನ್ ಚಾಲೂ ಮಾಡಿಸಿ ಕಿವಿಗೊಟ್ಟರು. 'ಟಕ್' ಸದ್ದು ಬರಲಿಲ್ಲ. ಕಾಂಟ್ಯಾಕ್ಟರ್ ಕೂಡಿಕೊಳ್ಳುತ್ತಿಲ್ಲವೆಂದು ಅಷ್ಟರಿಂದಲೇ ತಿಳಿಯಿತು. ಮಲ್ಟಿಮೀಟರಿನಿಂದ ಮುಖ್ಯ ಬೋರ್ಡಿನಲ್ಲಿ ಮೂರೂ ಫೇಸುಗಳನ್ನು ನ್ಯೂಟ್ರಲ್‌ಗೆ ಹೋಲಿಸಿ ಅಳೆದರು: 221, 226, 218 ವೋಲ್ಟ್. ಸರಬರಾಜಿನಲ್ಲಿ ದೋಷವಿರಲಿಲ್ಲ. ಬಳಿಕ ಮುಖ್ಯ ಸ್ವಿಚ್ ತೆಗೆದು, ಫ್ಯೂಸುಗಳನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡು, ವಿದ್ಯುತ್ ಇಲ್ಲವೆಂದು ಮತ್ತೊಮ್ಮೆ ಅಳೆದು ಖಚಿತಪಡಿಸಿಕೊಂಡ ಮೇಲೆ ಹಿಂಬದಿಯ ತಗಡು ಬಿಚ್ಚಿದರು. ಈ ಜಾಗ್ರತೆ ಅತಿಯೆನಿಸಬಹುದು. ಆದರೆ ಎರಡು ಫೇಸುಗಳ ನಡುವಿನ 400 ವೋಲ್ಟ್ ಎರಡನೆಯ ಅವಕಾಶ ಕೊಡುವುದಿಲ್ಲ. ಥರ್ಮೋಸ್ಟಾಟ್ ಸೊನ್ನೆಗೆ ತಿರುಗಿಸಿದರೆ ಓವನ್ ನಿರ್ಜೀವವಾಯಿತೆಂಬ ನಂಬಿಕೆಯೂ ತಪ್ಪು, ಎಷ್ಟೋ ಯಂತ್ರಗಳಲ್ಲಿ ಅದು ಒಂದೇ ತಂತಿಯನ್ನು ಕಡಿಯುತ್ತದೆ. ತಗಡು ಬಿಚ್ಚುವ ಕೆಲಸ ಪರವಾನಗಿ ಪಡೆದವರದ್ದು. ಮಾಲೀಕರ ಕೆಲಸ ಸರಿಯಾದ ಪ್ರಶ್ನೆ ಕೇಳುವುದು.

ಕಾಂಟ್ಯಾಕ್ಟರಿನ ಕೆಂಪು ಫೇಸಿನ ತಿರುಪು ಸಡಿಲವಾಗಿತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ ಕರಿಗಟ್ಟಿತ್ತು. ಒಳಗೆ ಆ ಫೇಸಿನ ಸಂಪರ್ಕ ಬಿಂದು ಸುಟ್ಟು ಸವೆದು, ಮೇಲಿನಿಂದ ಕೆಳಕ್ಕೆ ವಿದ್ಯುತ್ ದಾಟಿಸುವುದನ್ನು ಎಂದೋ ನಿಲ್ಲಿಸಿತ್ತು. ವಾಯರ್‌ಮನ್ ಮೇಲಿನ ತಿರುಪು ಮುಟ್ಟಿ ನೋಡಿದ್ದನೇ ಹೊರತು ಕೆಳಗಿನದ್ದನ್ನಲ್ಲ. ಕಾಂಟ್ಯಾಕ್ಟರನ್ನು ಎಳೆಯುವ ಸುರುಳಿಗೆ ಹೋಗುವ ಸಣ್ಣ ತಂತಿಯನ್ನೂ ಇದೇ ತಿರುಪಿನ ಕೆಳಗೆ ಸಿಕ್ಕಿಸಲಾಗಿತ್ತು. ತಿರುಪಿನ ಬಿಸಿಗೆ ಅದು ಸುಟ್ಟು ತುಂಡಾದಾಗ ಉಳಿದೆರಡು ಫೇಸುಗಳೂ ನಿಂತವು. ನಾಲ್ಕು ತಿಂಗಳ ಬಿಳಿ ತಳಕ್ಕೂ ಆ ಬೆಳಗಿನ ತಣ್ಣನೆಯ ಓವನ್ನಿಗೂ ಮೂಲ ಒಂದೇ ತಿರುಪು.

ತಿರುಪು ಸಡಿಲವಾದದ್ದೇಕೆ? ಓವನ್ ದಿನವೂ ಕಾದು ಆರುತ್ತದೆ, ಲೋಹ ಹಿಗ್ಗಿ ಕುಗ್ಗುತ್ತದೆ. ಜೊತೆಗೆ ಬೋರ್ಡಿನಿಂದ ಓವನ್ನಿಗೆ ಎಳೆದಿದ್ದುದು ಅಲ್ಯೂಮಿನಿಯಂ ತಂತಿ. ಒತ್ತಡಕ್ಕೆ ಸಿಕ್ಕ ಅಲ್ಯೂಮಿನಿಯಂ ನಿಧಾನವಾಗಿ ಚಪ್ಪಟೆಯಾಗಿ ಜಾರುತ್ತದೆ, ಅದರ ಮೇಲೆ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಸಡಿಲವಾಗುತ್ತದೆ. ಬ್ರೆಡ್ಡಿಗೆ ಸಲ್ಲಬೇಕಾದ ಶಾಖ ತಿರುಪಿಗೆ ಸಂದಿತು.

ವಾಡಿಯ ಅಂಗಡಿಯಿಂದ ಹೊಸ ಕಾಂಟ್ಯಾಕ್ಟರ್, ತಾಮ್ರದ ತಂತಿ, ಒತ್ತಿ ಕೂರಿಸುವ ಲಗ್ಗುಗಳು ಬಂದವು. ಒಟ್ಟು ಖರ್ಚು ಮೂರು ಸಾವಿರ ರೂಪಾಯಿಯ ಒಳಗೆ. ಮತ್ತೆ ಚಾಲೂ ಮಾಡಿ ಕ್ಲ್ಯಾಂಪ್ ಮೀಟರ್ ತೊಡಿಸಿದಾಗ ಮೂರು ಫೇಸುಗಳಲ್ಲಿ 12.5, 12.8, 12.4 ಆಂಪಿಯರ್ ತೋರಿತು. ತಂತಿಯನ್ನು ಕಡಿಯದೆ, ಬಿಚ್ಚದೆ ಹೊರಗಿನಿಂದಲೇ ಪ್ರವಾಹ ಅಳೆಯುವ ಈ ಉಪಕರಣವನ್ನು ನಾಲ್ಕು ತಿಂಗಳ ಹಿಂದೆ ಒಂದು ನಿಮಿಷ ತೊಡಿಸಿದ್ದರೆ ಒಂದು ಫೇಸಿನಲ್ಲಿ ಸೊನ್ನೆ ಕಾಣುತ್ತಿತ್ತು.

ಅನಂತರ ಹಿರಿಯರು, ತೆಗೆದು ಬಿಸಾಡಿದ ಹಳೆಯ ಮೂರು ಎಲಿಮೆಂಟ್‌ಗಳು ಎಲ್ಲಿವೆ ಎಂದು ಕೇಳಿದರು. ಗೋಣಿಚೀಲದಲ್ಲಿ ಗುಜರಿಗೆ ಹೋಗಲು ಸಿದ್ಧವಾಗಿದ್ದವು. 230 ವೋಲ್ಟಿನಲ್ಲಿ 1 ಕಿಲೋವಾಟ್ ಕೊಡುವ ಎಲಿಮೆಂಟಿನ ರೋಧ ಸುಮಾರು 53 ಓಮ್ ಇರಬೇಕು. ಮೂರೂ 52ರ ಆಸುಪಾಸು ತೋರಿಸಿದವು. ಹೊರ ಕೊಳವೆಗೆ ಸೋರಿಕೆಯೂ ಇರಲಿಲ್ಲ. ಬೇಕರಿಯ ಯಜಮಾನರು ಅವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಖಾತೆಯಲ್ಲಿದ್ದ ಸುಳಿವು

ಕಛೇರಿಗೆ ಮರಳಿ ನಾನು ಅವರ ಲೆಕ್ಕದ ಪುಸ್ತಕ ತೆರೆದೆ. ವಿದ್ಯುತ್ ಬಿಲ್ಲಿನ ಯೂನಿಟ್ಟುಗಳೂ ಬಳಸಿದ ಮೈದಾ ಚೀಲಗಳೂ ಬೇರೆ ಬೇರೆ ಪುಟಗಳಲ್ಲಿ ನಮೂದಾಗಿದ್ದವು. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ, ಮೊದಲು 50 ಕಿಲೋ ಚೀಲವೊಂದಕ್ಕೆ 31 ಯೂನಿಟ್ ಇದ್ದದ್ದು ಆ ನಾಲ್ಕು ತಿಂಗಳಲ್ಲಿ 37ಕ್ಕೆ ಏರಿತ್ತು. ಮೂರರಲ್ಲಿ ಒಂದು ಪಾಲು ಎಲಿಮೆಂಟ್ ಕೆಲಸ ಮಾಡದಿದ್ದಾಗ ಬಿಲ್ಲು ಇಳಿಯಬೇಕಲ್ಲವೇ ಎಂದು ಮೊದಲ ನೋಟಕ್ಕೆ ತೋರುತ್ತದೆ. ವಸ್ತುಸ್ಥಿತಿ ತದ್ವಿರುದ್ಧ. ಉದಾಹರಣೆಗೆ, 9 ಕಿಲೋವಾಟಿನ ಓವನ್ ಕಾಯುವಾಗ ಗೋಡೆ, ಬಾಗಿಲುಗಳ ಮೂಲಕ ಸರಾಸರಿ 2 ಕಿಲೋವಾಟ್ ಸೋರುತ್ತದೆಂದು ಭಾವಿಸೋಣ. ಒಳಗೆ ಉಳಿಯುವುದು 7. ಒಂದು ಫೇಸ್ ಸತ್ತರೆ ಒಳಬರುವುದು 6, ಸೋರಿಕೆ ಅಷ್ಟೇ, ಉಳಿಯುವುದು 4. ಹಿಂದೆ ಒಂದು ಗಂಟೆಯಲ್ಲಿ ಕಾಯುತ್ತಿದ್ದ ಓವನ್ನಿಗೆ ಈಗ ಒಂದೂ ಮುಕ್ಕಾಲು ಗಂಟೆ ಬೇಕು. 9 ಯೂನಿಟ್ಟಿನ ಬದಲು ಹತ್ತೂವರೆ ಯೂನಿಟ್ ಖರ್ಚು. ರೋಗಿಷ್ಠ ಓವನ್ ಹೆಚ್ಚು ತಿನ್ನುತ್ತದೆ.

ಈ ಅಂಕಿಗಳು ನನ್ನ ಮೇಜಿನ ಮೇಲೆಯೇ ಇದ್ದವು. ವಿದ್ಯುತ್ ವೆಚ್ಚ ಹೆಚ್ಚಿದ್ದನ್ನು ನಾನು ಗಮನಿಸಿದ್ದೂ ಹೌದು. ದರ ಏರಿರಬೇಕೆಂದುಕೊಂಡು ಮುಂದಿನ ಪುಟಕ್ಕೆ ಹೋಗಿದ್ದೆ. ಈಗ ಬೇಕರಿ ನಡೆಸುವ ನನ್ನ ಎಲ್ಲ ಕಕ್ಷಿದಾರರಿಗೂ ರೂಪಾಯಿಯ ಪಕ್ಕದಲ್ಲಿ ಯೂನಿಟ್ ಬರೆಯಲು ಹೇಳುತ್ತೇನೆ, ತಿಂಗಳಿಗೊಮ್ಮೆ ಚೀಲದಿಂದ ಭಾಗಿಸಲು ಹೇಳುತ್ತೇನೆ. ಎರಡು ನಿಮಿಷದ ಕೆಲಸ.

ಹೊಸ ಯಂತ್ರ ಕೊಂಡರೆ ಸವಕಳಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ ಎಂಬ ಮಾತೊಂದು ಮಾರ್ಚ್ ತಿಂಗಳಲ್ಲಿ ನಮ್ಮ ಪೇಟೆಗಳಲ್ಲಿ ಸುತ್ತಾಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ಘೋಷಿಸುತ್ತ ಬಂದ ಸಣ್ಣ ವ್ಯಾಪಾರಿಗೆ ಇದು ಅನ್ವಯಿಸುವುದೇ ಇಲ್ಲ. ಸವಕಳಿ ಈಗಾಗಲೇ ಕಳೆದಿದೆ ಎಂದೇ ಆ ಕಲಮು ಪರಿಗಣಿಸುತ್ತದೆ. ಪೂರ್ಣ ಲೆಕ್ಕ ಇಡುವವರಿಗಾದರೆ ದುರಸ್ತಿ ವೆಚ್ಚ ಅದೇ ವರ್ಷ ಪೂರ್ತಿ ಕಳೆಯಬಹುದಾದ ಖರ್ಚು, ಹೊಸ ಯಂತ್ರಕ್ಕೆ ವರ್ಷಕ್ಕೆ ಶೇ. 15ರ ಸವಕಳಿ. ಅದೇ ಕಾಯ್ದೆಯ 31ನೇ ಕಲಮಿನ 'ಚಾಲ್ತಿ ದುರಸ್ತಿ' ಎಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದು, ಹೊಸ ಆಸ್ತಿ ತರುವುದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಾಂಟ್ಯಾಕ್ಟರ್ ಬದಲಾವಣೆ ನಿಸ್ಸಂದೇಹವಾಗಿ ದುರಸ್ತಿ. ಇನ್ನೂ ಒಂದು ಅಂಶ: ಬ್ರೆಡ್ಡಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಬ್ರೆಡ್ ಮಾತ್ರ ಮಾಡುವವರಿಗೆ ಹೊಸ ಓವನ್ನಿನ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮೆಯೂ ಸಿಗದು.

ಇತರ ದೋಷಗಳು

ಎಲ್ಲ ಓವನ್‌ಗಳದ್ದೂ ಕಾಂಟ್ಯಾಕ್ಟರಿನ ಕಥೆಯಲ್ಲ. ನಮ್ಮ ಹಳ್ಳಿಗಳ ಕಡೆ ಕಡಿಮೆ ವೋಲ್ಟೇಜ್ ದೊಡ್ಡ ಕಾರಣ. ಎಲಿಮೆಂಟಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿಗೆ 2,000 ವಾಟ್ ಕೊಡುವ ಎಲಿಮೆಂಟ್ 180 ವೋಲ್ಟಿಗೆ ಸುಮಾರು 1,225 ವಾಟ್ ಮಾತ್ರ ಕೊಡುತ್ತದೆ, ವೋಲ್ಟೇಜ್ ಶೇ. 22 ಇಳಿದರೆ ಶಾಖ ಶೇ. 39 ಇಳಿಯುತ್ತದೆ. 1956ರ ವಿದ್ಯುತ್ ನಿಯಮಾವಳಿ ಕಡಿಮೆ ವೋಲ್ಟೇಜಿನ ಬಳಕೆದಾರರಿಗೆ ಇಟ್ಟಿದ್ದ ಮಿತಿ ಶೇ. 6ರ ಏರಿಳಿತ; ಆ ಮಿತಿಯೊಳಗೇ ಶಾಖ ಶೇ. 88ಕ್ಕೆ ಇಳಿಯಬಹುದು. ಇಂಥಲ್ಲಿ ಎಲಿಮೆಂಟ್ ಬದಲಿಸಿ ಪ್ರಯೋಜನವಿಲ್ಲ. ಒಂದು ವಾರ ದಿನಕ್ಕೆ ಮೂರು ಹೊತ್ತು ವೋಲ್ಟೇಜ್ ಬರೆದಿಟ್ಟು, ಆ ಪಟ್ಟಿಯೊಡನೆ ಜೆಸ್ಕಾಂ ಉಪವಿಭಾಗಕ್ಕೆ ಲಿಖಿತ ಅರ್ಜಿ ಕೊಡುವುದು ಮಾರ್ಗ. ಬಾಯಿಮಾತಿನ ದೂರಿಗಿಂತ ಅಂಕಿಯ ಪಟ್ಟಿಗೆ ಬೆಲೆ ಹೆಚ್ಚು.

ತಾಪ ತೋರಿಸುವ ಅಂಕಿ ಏರುತ್ತಿದೆ, ಬ್ರೆಡ್ ಹಸಿಯಾಗಿದೆ ಎಂದಾದರೆ ತಾಪ ಸಂವೇದಕದ ಮೇಲೆ ಸಂಶಯವಿರಲಿ. ಓವನ್‌ಗಳಲ್ಲಿ ಹೆಚ್ಚಾಗಿ ಬಳಸುವ ಥರ್ಮೋಕಪಲ್ ಎರಡು ಬೇರೆ ಲೋಹಗಳ ಜೋಡಣೆ; ಅದಕ್ಕೆ ಧನ, ಋಣ ಎಂಬ ಎರಡು ತುದಿಗಳಿವೆ. ದುರಸ್ತಿಯ ನಂತರ ತುದಿಗಳು ಅದಲುಬದಲಾದರೆ ಓವನ್ ಕಾದಂತೆಲ್ಲ ಅಂಕಿ ಇಳಿಯುತ್ತದೆ, ನಿಯಂತ್ರಕ ಇನ್ನೂ ಶಾಖ ಬೇಕೆಂದು ಬಿಡದೆ ಕಾಯಿಸುತ್ತದೆ. ಅದು ಅಪಾಯಕಾರಿ. ಥರ್ಮೋಕಪಲ್ ತುಂಡಾದರೆ ಬಹಳಷ್ಟು ನಿಯಂತ್ರಕಗಳು ಗರಿಷ್ಠ ತಾಪವೆಂದು ತಿಳಿದು ಕಾಯಿಸುವುದನ್ನೇ ನಿಲ್ಲಿಸುತ್ತವೆ. ಓವನ್ ಕಾಯದಿರಲು ಇದೂ ಒಂದು ಕಾರಣ.

ಮಳೆಗಾಲದಲ್ಲಿ ಕೆಲವು ವಾರ ಮುಚ್ಚಿಟ್ಟ ಓವನ್ ಚಾಲೂ ಮಾಡಿದೊಡನೆ ಇಎಲ್‌ಸಿಬಿ ಬೀಳುವುದುಂಟು. ಮೆಗ್ನೀಷಿಯಂ ಆಕ್ಸೈಡ್ ತೇವ ಹೀರುತ್ತದೆ. ತೇವದ ಮೂಲಕ ವಿದ್ಯುತ್ ಕೊಳವೆಗೆ ಸೋರುತ್ತದೆ. ಇಎಲ್‌ಸಿಬಿಯನ್ನು ಬಳಸಿದಾಟಿ ನೇರವಾಗಿ ಜೋಡಿಸಿ ಕೆಲಸ ಸಾಗಿಸುವವರಿದ್ದಾರೆ. ಕೆಲಸಗಾರನ ಕೈ ಆ ಬಾಗಿಲಿನ ಮೇಲಿರುತ್ತದೆಂಬುದನ್ನು ಅವರು ನೆನೆಯಬೇಕು. ಎಲಿಮೆಂಟ್ ಹೊರತೆಗೆದು ಒಣಗಿಸಿ, ಸೋರಿಕೆ ಅಳೆದು ಮತ್ತೆ ಹಾಕಿಸುವುದು ಕ್ರಮ. ಒಣಗಿದ ಮೇಲೂ ಸೋರಿದರೆ ಆಗ ಬದಲಿಸಿ.

ಎಲಿಮೆಂಟ್ ನಿಜಕ್ಕೂ ಸುಡುವುದಿಲ್ಲವೆಂದು ನನ್ನ ವಾದವಲ್ಲ. ಸುಡುತ್ತದೆ. ಆದರೆ ಅದು ಮಲ್ಟಿಮೀಟರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಅಳೆದ ಓಮ್‌ನ ಅಂಕಿಯನ್ನು ಬಿಲ್ಲಿನ ಹಿಂದೆ ಬರೆದುಕೊಡುವಂತೆ ಮೆಕ್ಯಾನಿಕ್‌ನನ್ನು ಕೇಳಿ, ತೆಗೆದ ಭಾಗವನ್ನು ಕೈಗೆ ಪಡೆದು ಇಟ್ಟುಕೊಳ್ಳಿ. ಅಳೆಯಬಲ್ಲವರು ನಮ್ಮಲ್ಲಿಲ್ಲವೇ? ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಂದ, ಬಾಯ್ಲರ್ ತಯಾರಿಸುತ್ತಿದ್ದ ಶಹಾಬಾದದ ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಕಾರ್ಖಾನೆಯಿಂದ ನಿವೃತ್ತರಾದ ನುರಿತ ವಿದ್ಯುತ್ ತಂತ್ರಜ್ಞರು ಈ ಊರುಗಳಲ್ಲೇ ಇದ್ದಾರೆ. 1,450 ಡಿಗ್ರಿಯಲ್ಲಿ ಸುಣ್ಣಕಲ್ಲು ಬೇಯುವ ಕುಲುಮೆಗಳ ಪಕ್ಕ ಬದುಕು ಕಳೆದವರಿಗೆ 220 ಡಿಗ್ರಿಯ ಬೇಕರಿ ಓವನ್ ಭಾರವಲ್ಲ. ವರ್ಷಕ್ಕೆರಡು ಬಾರಿ ಕರೆಸಿ ತಿರುಪುಗಳನ್ನು ಬಿಗಿಗೊಳಿಸಿ, ಮೂರು ಫೇಸುಗಳ ಆಂಪಿಯರ್ ಬರೆಸಿಟ್ಟುಕೊಳ್ಳುವುದಕ್ಕೆ ಆಗುವ ಖರ್ಚು ಸಾಲದ ಒಂದು ಕಂತಿಗಿಂತ ಕಡಿಮೆ.

ನಾಲವಾರದ ಓವನ್ ಆ ಸಂಜೆ ಒಂದು ಗಂಟೆ ಐದು ನಿಮಿಷದಲ್ಲಿ 200 ಡಿಗ್ರಿ ಮುಟ್ಟಿತು. ಮನೆಗೆ ಹೋಗಿದ್ದ ಹುಡುಗರಿಬ್ಬರನ್ನು ಮರುದಿನವೇ ಕರೆಸಿಕೊಂಡರು. ಸಾಲದ ಅರ್ಜಿ ಬ್ಯಾಂಕಿಗೆ ಹೋಗಲಿಲ್ಲ. ಯೋಜನಾ ವರದಿಗೆ ನಾನು ಶುಲ್ಕ ಪಡೆಯಲಿಲ್ಲ. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಮಾತ್ರ ಒಂದು ಹೊಸ ಸಾಲು ಸೇರಿತು: ಬಿಡಿಭಾಗ, ವಿದ್ಯುತ್ ಎಲಿಮೆಂಟ್, 1 ಕಿಲೋವಾಟ್, ಮೂರು ನಗ, ಸುಸ್ಥಿತಿಯಲ್ಲಿವೆ.